ಹೆಲಿಕಾಪ್ಟರ್ ಸಂಘದವರ ಪಟ್ಟಿ

ಮೊನ್ನೆ ಕೊಪ್ಪದಲ್ಲಿ ಒಂದು ಶಾಲೆಯ ಮುಂದೆ ಹಾದು ಹೋಗುತ್ತಿದ್ದೆ. ಮೈದಾನದಲ್ಲಿ ಕಬಡ್ಡಿಗೆ ಗೆರೆ ಎಳೆಯುತ್ತಿದ್ದರು. ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗೈ ಬೆವರಿತು. ನಗಬೇಡಿ. ನಿಮಗೆ ಸುಣ್ಣವೆಂದರೆ ಎಲೆಯಡಿಕೆ ನೆನಪಾಗಬಹುದು. ನನಗೆ ಹೆಲಿಕಾಪ್ಟರ್ ನೆನಪಾಗುತ್ತದೆ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಏಳೆಂಟು ವರ್ಷ ನಾನು ಬೆಂಗಳೂರಿನ ಸಣ್ಣದೊಂದು ಹೆಲಿಕಾಪ್ಟರ್ ಕಂಪನಿಗೆ ಈ ಕಡೆಯ ಏಜೆಂಟನಾಗಿದ್ದೆ. ಕೊಪ್ಪದ ಬಸ್ ಸ್ಟ್ಯಾಂಡಿನ ಪಕ್ಕ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಶೃಂಗೇರಿಗೆ ದರ್ಶನಕ್ಕೆ ಬರುವವರಿಗಾಗಿ ತಾಲ್ಲೂಕು ಕಚೇರಿಯ ಅನುಮತಿ ತರುವುದು, ಫೈರ್ ಎಂಜಿನ್ ಕರೆಸುವುದು, ಹೆಲಿಕಾಪ್ಟರ್ ಇಳಿಯುವ ಗುರುತಿಗೆ ಬಯಲಿನಲ್ಲಿ ಸುಣ್ಣದಿಂದ ದೊಡ್ಡ ‘ಎಚ್’ ಬರೆಯುವುದು ನನ್ನ ಕೆಲಸ. ಹೆಲಿಕಾಪ್ಟರಿನೊಳಗೆ ಒಮ್ಮೆಯೂ ಕೂತವನಲ್ಲ. ಆದರೆ ನಡಿಗೆ ನೋಡಿದವರು ನಾನೇ ಅದನ್ನು ಹಾರಿಸುವವನು ಅಂದುಕೊಳ್ಳಬೇಕು, ಹಾಗಿತ್ತು.

ಆ ಕೆಲಸ ಕೊಡಿಸಿದವರು ಕಂಪನಿಯ ಮ್ಯಾನೇಜರ್ ಮರಿಯಮ್ಮ ಮೇಡಂ. ನರಸಿಂಹರಾಜಪುರದವರು, ಅವರ ಅಜ್ಜ ಕೇರಳದಿಂದ ಬಂದು ಅಲ್ಲಿ ನೆಲೆ ನಿಂತಿದ್ದರಂತೆ. ಮೇಡಂಗೆ ಒಂದೇ ಹುಚ್ಚು, ಸಂಘದ್ದು. ಖಾಸಗಿ ವಿಮಾನ, ಹೆಲಿಕಾಪ್ಟರ್ ಇಟ್ಟುಕೊಂಡ ಕಂಪನಿಗಳೆಲ್ಲ ಸೇರಿ ಮಾಡಿಕೊಂಡ ಸಂಘ. ನಮ್ಮ ಕಂಪನಿ ಹುಟ್ಟಿದ ವರ್ಷದಿಂದಲೂ ಅದರ ಸದಸ್ಯ. ಜ್ವರವಿದ್ದರೂ ಮೇಡಂ ಸಭೆ ತಪ್ಪಿಸುತ್ತಿರಲಿಲ್ಲ. ಯಾರಿಗೂ ಬೇಡವಾಗಿದ್ದ ಸುರಕ್ಷತಾ ಸಮಿತಿಯನ್ನು ವರ್ಷಗಟ್ಟಲೆ ಅವರೇ ಹೊತ್ತರು. ನಾನು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆ: “ಸಂಘ ಅಂದ್ರೆ ಎಂತ ಮಾರಾಯ? ಗ್ರೂಪ್ ಫೋಟೋ, ಗೋಡಂಬಿ, ಚಾ.”

ಆ ಸಮಿತಿಯಿಂದ ಒಂದು ಪಟ್ಟಿ ಹುಟ್ಟಿತು. ಹವೆ ಕೆಟ್ಟರೆ ದಾರಿಯಲ್ಲಿ ಎಲ್ಲೆಲ್ಲಿ ಇಳಿಯಬಹುದು, ಅಲ್ಲಿ ಮರ ಎಷ್ಟು ದೂರ, ತಂತಿ ಇದೆಯೋ, ಹತ್ತಿರದಲ್ಲಿ ಯಾರ ಮನೆಯ ಫೋನಿದೆ ಎಂದು ಪ್ರತಿ ಕಂಪನಿಯೂ ನೋಡಿ ಬರೆದು ಕೊಡಬೇಕು; ಪಟ್ಟಿ ಎಲ್ಲ ಕಂಪನಿಗಳ ಪೈಲಟ್‌ಗಳಿಗೂ ಸಿಗುತ್ತದೆ. ನಮ್ಮ ಭಾಗದ ಬಯಲುಗಳು ನನ್ನ ಪಾಲಿಗೆ ಬಂದವು. ನರಸಿಂಹರಾಜಪುರದ್ದನ್ನು ನೋಡಿದೆ, ಶೃಂಗೇರಿ ಪಕ್ಕದ ಮೆಣಸೆಯದನ್ನು ನೋಡಿದೆ. ಹರಿಹರಪುರದ ಹತ್ತಿರದ ಬಯಲಿಗೆ ಹೋಗಬೇಕಾದ ದಿನ ಬಿಸಿಲು ಜಾಸ್ತಿಯಿತ್ತು. ಒಂದು ಕಾಲದಲ್ಲಿ ಕ್ರಿಕೆಟ್ ಆಡಿದ ಜಾಗ, ನೋಡುವುದೇನು ಎಂದು ಅಂಗಡಿಯಲ್ಲೇ ಕೂತು ಟೈಪ್ ಮಾಡಿದೆ: ತಂತಿ ಇಲ್ಲ.

ಮರುವರ್ಷ ಬಸ್ಸಿನ ಕಿಟಕಿಯಿಂದ ಕಂಡಿತು. ಬಯಲಿನ ಅಡ್ಡಕ್ಕೆ ತುಕ್ಕು ಹಿಡಿದ ಹಳೇ ಕಂಬ, ಕಂಬದಿಂದ ಕಂಬಕ್ಕೆ ತಂತಿ. ಮೇಡಂಗೆ ಹೇಳಬೇಕು ಅಂದುಕೊಂಡೆ. ಹೇಳಿದರೆ ನೋಡದೇ ಬರೆದದ್ದು ಬಯಲಾಗುತ್ತದಲ್ಲ! ನಾಳೆ ಹೇಳೋಣ ಎಂದು ಬಿಟ್ಟೆ. ಆ ನಾಳೆ ಎರಡು ವರ್ಷ ಬರಲೇ ಇಲ್ಲ.

ಮಳೆಗಾಲ ಮುಗಿಯುತ್ತ ಬಂದ ಒಂದು ಬೆಳಿಗ್ಗೆ. ನಮ್ಮ ಹೆಲಿಕಾಪ್ಟರ್ ರಿಪೇರಿಯಲ್ಲಿತ್ತು; ಸಂಘದ ಇನ್ನೊಂದು ಕಂಪನಿ ತಮ್ಮದನ್ನು ಕಳಿಸಿತ್ತು. ಅದರ ಪೈಲಟ್ ಈ ಕಡೆಯ ಗುಡ್ಡಗಳನ್ನು ಕಂಡವನೇ ಅಲ್ಲ. ಜೊತೆಗೆ ವಯಸ್ಸಾದ ಗಂಡ ಹೆಂಡತಿ, ಅವರ ಮಗಳು. ನಾನು ಮೆಣಸೆಯ ಬಯಲಿನಲ್ಲಿ ‘ಎಚ್’ ಬರೆದು ನಿಂತಿದ್ದೆ. ಒಂಬತ್ತೂವರೆಗೆ ಬರಬೇಕಿತ್ತು. ಅಷ್ಟರಲ್ಲಿ ಮೋಡ ಇಳಿದು ಎದುರಿನ ಗುಡ್ಡವೇ ಮಾಯವಾಯಿತು. ಹತ್ತು ಗಂಟೆಯಾಯಿತು. ಆಕಾಶದಲ್ಲಿ ಸದ್ದಿಲ್ಲ, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ರಸ್ತೆ ಬದಿಯ ಇಬ್ರಾಹಿಂ ಸಾಹೇಬರ ಅಂಗಡಿಗೆ ಓಡಿ ಬೆಂಗಳೂರಿಗೆ ಫೋನ್ ಮಾಡಿದೆ.

“ರೇಡಿಯೋದಲ್ಲಿ ಮಾತು ನಿಂತು ಇಪ್ಪತ್ತು ನಿಮಿಷ ಆಯ್ತು,” ಅಂದರು ಮೇಡಂ. “ಪಟ್ಟಿ ಅವನ ಹತ್ರ ಇದೆ. ನೋಡಿ ಎಲ್ಲಾದರೂ ಇಳಿದಿರ್ತಾನೆ.”

ಪಟ್ಟಿ ನೋಡಿ! ಎರಡು ವರ್ಷ ಬಾಯಲ್ಲಿ ಸಿಕ್ಕಿಕೊಂಡಿದ್ದ ಮಾತು ತಾನಾಗಿ ಹೊರಬಂತು. “ಮೇಡಂ, ಹರಿಹರಪುರದ ಬಯಲಲ್ಲಿ ತಂತಿ ಇದೆ. ನಾನು ನೋಡದೇ ಬರೆದಿದ್ದೆ.”



“ಆ ಬಯಲು ಪಟ್ಟಿಯಲ್ಲಿ ಇಲ್ಲ,” ಅಂದರು. “ಹೋದ ಕ್ರಿಸ್‌ಮಸ್‌ಗೆ ಊರಿಗೆ ಬಂದಾಗ ಎಲ್ಲಾ ಕಡೆ ನಾನೇ ಹೋಗಿ ನೋಡಿದೆ. ಮುಂದಿನ ಸಭೆಯಲ್ಲಿ ಆ ಸಾಲು ತೆಗೆಸಿದೆ. ಅಲ್ಲಿಯ ನಂಬರ್ ಹೇಳಿ, ಫೋನ್ ಇಡಿ. ನನಗೆ ಲೈನ್ ಬೇಕು.”

ಇಬ್ರಾಹಿಂ ಸಾಹೇಬರು ಸ್ಟೂಲ್ ಎಳೆದು ಕೂರಿಸಿದರು. ಕಾಲು ಗಂಟೆ ಅವರ ಫೋನನ್ನೇ ನೋಡುತ್ತ ಕೂತೆ. ಕಡೆಗೂ ಅದು ಹೊಡೆದುಕೊಂಡಿತು.

“ನಮ್ಮಮ್ಮ ಫೋನ್ ಮಾಡಿದ್ದಳು,” ಮೇಡಂ ಸ್ವರ ಒಡೆದಿತ್ತು. “ನರಸಿಂಹರಾಜಪುರದ ಬಯಲಲ್ಲಿ ಇಳಿದಿದಾನೆ. ಅಲ್ಲಿಗೆ ನಮ್ಮ ಮನೆಯ ನಂಬರೇ ಕೊಟ್ಟಿದ್ದೆ ನೋಡಿ. ನಾಲ್ಕೂ ಜನ ಕ್ಷೇಮ.”

ನಾನು ರಿಸೀವರ್ ಹಿಡಿದುಕೊಂಡೇ ಅತ್ತುಬಿಟ್ಟೆ. ಸಾಹೇಬರು ಗಾಬರಿಯಾದರು. “ಯಾರು ಹೋದ್ರು ಮಾರಾಯ?”

“ಯಾರೂ ಹೋಗ್ಲಿಲ್ಲ ಸಾಹೇಬ್ರೆ! ಯಾರೂ ಹೋಗ್ಲಿಲ್ಲ!”

ಜೀಪು ಹಿಡಿದು ಅಲ್ಲಿಗೆ ಹೋದಾಗ ಯಾತ್ರಿಕರು ಮೇಡಂ ತಾಯಿಯ ಜಗಲಿಯಲ್ಲಿ ಕೂತು ಬೇಯಿಸಿದ ಮರಗೆಣಸು ತಿನ್ನುತ್ತಿದ್ದರು. ಹೊತ್ತಾಯಿತೆಂದು ಎದ್ದ ಯಜಮಾನರನ್ನು ಆಕೆ ಮತ್ತೆ ಕೂರಿಸಿದರು: “ದೇವಸ್ಥಾನ ಓಡಿಹೋಗಲ್ಲ, ಮೊದಲು ತಿನ್ನಿ.” ಮಧ್ಯಾಹ್ನ ಮೋಡ ಹರಿದ ಮೇಲೆ ಅವರು ಶೃಂಗೇರಿ ಮುಟ್ಟಿದರು.

ಎಷ್ಟೋ ದಿನದ ಮೇಲೆ ಮೇಡಂನ ಕೇಳಿದೆ, ಗೊತ್ತಿದ್ದೂ ಯಾಕೆ ಬೈಯಲಿಲ್ಲ ಎಂದು.

“ಸಂಘದಲ್ಲಿ ಇಷ್ಟು ವರ್ಷ ಕೂತು ಕಲಿತಿದ್ದೇ ಅದು. ಬೈದರೆ ಮುಂದಿನ ತಪ್ಪು ಮುಚ್ಚಿಡ್ತಾರೆ. ನೀವಾಗೇ ಹೇಳಲಿ ಅಂತ ಕಾದೆ. ಸ್ವಲ್ಪ ಜಾಸ್ತಿನೇ ಕಾಯಿಸಿದ್ರಿ.”

ಈಗ ಆ ಕಂಪನಿ ಇಲ್ಲ. ಮೇಡಂ ನಿವೃತ್ತರಾಗಿ ಊರಿಗೆ ಬಂದಿದ್ದಾರೆ. ಸುಣ್ಣದ ವಾಸನೆಗೆ ಬೆವರಿದ ಕೈ ಒರೆಸಿಕೊಂಡು ಮೊನ್ನೆ ಅಂಗಡಿಗೆ ಬಂದರೆ, ಟ್ಯಾಕ್ಸಿ ಮಾಲೀಕರ ಸಂಘದ ಕಾರ್ಯದರ್ಶಿ ಕಾಯುತ್ತಿದ್ದ. ಬೇಗಾರ್ ಊರಿನ ಕಡೆಯ ರಸ್ತೆಯ ಅಪಾಯದ ತಿರುವುಗಳ ಪಟ್ಟಿ ಲೋಕೋಪಯೋಗಿ ಇಲಾಖೆಗೆ ಕೊಡಬೇಕಂತೆ. “ನಿಂಗೆ ಆ ರಸ್ತೆ ಬಾಯಿಪಾಠ ಅಲ್ವಾ, ಇಲ್ಲೇ ಕೂತು ಟೈಪ್ ಮಾಡು ಮಾರಾಯ.”

ನಾನು ಅಂಗಡಿ ಬಾಗಿಲು ಎಳೆದು ಸ್ಕೂಟರ್ ಹತ್ತಿದೆ. ಬೇಗಾರ್ ಇನ್ನೂ ದೂರವಿರುವಾಗ ಒಂದು ತಿರುವಿನಲ್ಲಿ ರಸ್ತೆಯಂಚಿನ ಕಲ್ಲು ಜರಿದು ಕೆಳಗೆ ಬಿದ್ದಿತ್ತು. ಯಾರೂ ಹೇಳಿರಲಿಲ್ಲ. ಇಳಿದು, ಹೆಜ್ಜೆ ಹಾಕಿ ಅಳೆದು, ಅಲ್ಲೇ ನಿಂತು ಬರೆದುಕೊಂಡೆ.