ಸಾಕಮ್ಮನ ಕಣ್ಣಲ್ಲ

ಗಾಜು ಬಿರಿದಿರಬಹುದಿತ್ತು. ಸ್ಟ್ಯಾಂಡು ಒಂದು ಕಡೆಗೆ ವಾಲಿರಬಹುದಿತ್ತು. ತಳಕ್ಕೆ ಥರ್ಮಕೋಲ್ ಹಾಸುವಾಗ ಮರಳಿನ ಕಾಳೊಂದು ಸಿಕ್ಕಿಕೊಂಡಿರಬಹುದಿತ್ತು. ಗುಳ್ಳೆ ಬಿಡುವ ಪೈಪಿನಿಂದ ನೀರು ಹಿಂದಕ್ಕೆ ಹರಿದಿರಬಹುದಿತ್ತು, ಬೆಕ್ಕು ಕುಡಿದಿರಬಹುದಿತ್ತು, ಸೆಕೆಗೆ ಆರಿರಬಹುದಿತ್ತು. ದಿನಕ್ಕಿಷ್ಟು ಅಂತ ನೀರು ಇಳಿಯುತ್ತಿದ್ದ ಆ ಹೊಸ ಮೀನಿನ ತೊಟ್ಟಿಯ ಬಗ್ಗೆ ಇವನ್ನೆಲ್ಲ ಹೇಳಿದವನು ನಾನೇ. ಹುಟ್ಟು ಚಿಂತೆಗಾರ ನಾನು — ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ಮನೆಗೆ ಓಡಿಬಂದವನು — ಕಾರಣ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನಿಜವಾದ ಕಾರಣವನ್ನು ಮಾತ್ರ ಹೇಳಲಿಲ್ಲ. ತೊಟ್ಟಿ ಸೋರುವಂತೆ ಮಾಡಿದ್ದು ನಾನು. ಆ ತಪ್ಪನ್ನು ಸಾಕಮ್ಮನ ಕಣ್ಣಿನ ಮೇಲೆ ಹೊರಿಸಿದಾಗ ಸುಮ್ಮನಿದ್ದವನೂ ನಾನು.

ತೊಟ್ಟಿ ನನ್ನ ಷಡ್ಡಕ ಮಾದೇಶನದು. ನನ್ನ ಹೆಂಡತಿಯ ತಂಗಿ ಸವಿತಳ ಗಂಡ. ರಾವಂದೂರಿನ ಹತ್ತಿರದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ. ನಾನು ಹುಣಸೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಅವನಿಗೆ ಜಮೀನಿತ್ತು, ಕಾರಿತ್ತು, ಮಾವನವರ ಅಕ್ಕರೆಯಿತ್ತು. ನನಗೆ — ನಗಬೇಡಿ — ಮೀನಿದ್ದವು. ದುಂಡನೆಯ ಗಾಜಿನ ಬಟ್ಟಲಲ್ಲಿ ಎರಡು ಕೆಂಪು ಮೀನು. ನೆಂಟರು ಯಾರೇ ಬರಲಿ, ಅವರನ್ನು ಬಟ್ಟಲಿನ ಮುಂದೆ ನಿಲ್ಲಿಸಿ, ಎಷ್ಟು ಕಾಳು ಹಾಕಬೇಕು, ನೀರು ಹೇಗೆ ಬದಲಿಸಬೇಕು ಎಂದು ಭಾಷಣ ಬಿಗಿಯುತ್ತಿದ್ದೆ. ಇಡೀ ಬಳಗದಲ್ಲಿ ಮೀನು ಬಲ್ಲವನೆಂದರೆ ನಾನು. ಅಷ್ಟು ಸಣ್ಣದೊಂದು ಪಟ್ಟ. ಮಾದೇಶ ನಡುಮನೆಯ ಗೋಡೆಯುದ್ದಕ್ಕೂ ತೊಟ್ಟಿ ತಂದಿಟ್ಟು ಅದನ್ನೂ ಕಿತ್ತುಕೊಂಡ.

ಕಿತ್ತುಕೊಂಡ ಅನ್ನುವುದೂ ಹೊಟ್ಟೆಕಿಚ್ಚಿನ ಮಾತೇ. ಅವನು ಮರ್ಯಾದೆಯಿಂದಲೇ ಫೋನು ಮಾಡಿದ್ದ: "ಅಣ್ಣ, ನೀವೇ ಬಂದು ಜೋಡಿಸ್ಕೊಡ್ಬೇಕು ಕಣ್ರೀ. ಸಾರಿಗೆ ಬೀಳೋ ಮೀನ್ ಬುಟ್ರೆ ನಮ್ಗೇನ್ ಗೊತ್ತು?"

ಹೋದೆ. ನೀಲಿ ದೀಪ, ಬಾಯಿ ತೆರೆದು ಗುಳ್ಳೆ ಬಿಡುವ ಆಟಿಕೆ ಪೆಟ್ಟಿಗೆ, ಹಿಂದುಗಡೆ ಸಮುದ್ರದ ಚಿತ್ರ. ನನ್ನ ಹೆಂಡತಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ನಮ್ಮ ಬಟ್ಟಲನ್ನು ಯಾವತ್ತೂ ನೋಡದ ಹಾಗೆ ನೋಡಿದಳು. ಸವಿತ ಕೀಟಲೆ ಮಾಡಿದಳು: "ಅಕ್ಕ, ಭಾವನ ಮೀನ್ನೂ ಇಲ್ಗೇ ತಂದ್ಬುಡು. ಪಾಪ, ಅವೂ ಒಸಿ ಕೈಕಾಲ್ ಆಡುಸ್ಲಿ." ಎಲ್ಲರೂ ನಕ್ಕರು. ನಾನೂ ನಕ್ಕೆ — ಎಲ್ಲರಿಗಿಂತ ಜೋರಾಗಿ.

ತೊಟ್ಟಿಯ ಒಳಮೂಲೆಯಲ್ಲಿ, ಗಾಜುಗಳನ್ನು ಬೆಸೆದ ಗೋಂದಿನ ಎಳೆಯೊಂದು ಎದ್ದುಕೊಂಡಿತ್ತು. ನೋಟಕ್ಕೆ ಚೆನ್ನಾಗಿರಲೆಂದು ಉಗುರಿನಿಂದ ಎಳೆದೆ. ರಬ್ಬರಿನ ದಾರದ ಹಾಗೆ ಬಂತು — ಬರುತ್ತಲೇ ಹೋಯಿತು. ಅಲ್ಲಿಯವರೆಗೆ ಅದು ಬರೀ ಹೆಡ್ಡತನ. ಆಮೇಲಿನದು ತಪ್ಪು. ಹೊಸ ಗೋಂದು ಹಚ್ಚಿ ಒಣಗಿಸಬೇಕು, ಇವತ್ತು ನೀರು ತುಂಬಬಾರದು ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಮಾದೇಶ ನೀಲಿ ದೀಪ ಹಾಕಿದ, ಎಲ್ಲರ ಮುಖವೂ ಬೆಳಗಿತು, ಮತ್ತು ನಾನು — ಸೋರಲಿ ಬಿಡು, ಅಂದುಕೊಂಡೆ. ಸ್ವಲ್ಪ ಸೋರಲಿ. ಎಳೆಯನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡು ನೀರು ತುಂಬತೊಡಗಿದೆ.

ಸಾಕಮ್ಮ ಬಂದದ್ದು ಆಗ. ಎದುರು ಮನೆಯಾಕೆ, ಗಂಡನಿಲ್ಲ, ಮಕ್ಕಳಿಲ್ಲ. ಸವಿತಳ ಮಗಳು ರಮ್ಯಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ದಿನಾ ಸಂಜೆ ಧಾರಾವಾಹಿ ನೋಡಲು ಬರುತ್ತಿದ್ದಳು. ಮೀನುಗಳನ್ನು ಬಿಟ್ಟ ಕೂಡಲೇ ಗಾಜಿಗೆ ಮೂಗು ತಾಗಿಸಿ, "ಅಯ್ ಶಿವನೇ, ಏಟ್ ಸಂದಾಗವೆ! ಕಣ್ ಕೀಳಾಕೇ ಮನ್ಸ್ ಬರಕಿಲ್ವಲ್ಲ!" ಎಂದಳು. ಕೆಟ್ಟ ಕಣ್ಣೊಂದು ಆ ನಡುಮನೆಯಲ್ಲಿತ್ತು, ನಿಜ — ಅದು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಬಕೆಟ್ಟು ಹಿಡಿದು ನಿಂತಿತ್ತು.

ನೀರು ಇಳಿಯತೊಡಗಿತು. ಮಾದೇಶ ಫೋನು ಮಾಡಿದಾಗಲೆಲ್ಲ ಹೊಸದೊಂದು ಕಾರಣ ಒದಗಿಸಿದೆ. ಹೇಳುವಾಗ ಒಳಗೊಳಗೇ ಒಂದು ತಂಪು — ಹೌದು, ತಂಪು. ಆದರೆ ಸ್ಟ್ಯಾಂಡಿನ ಹಲಗೆ ಉಬ್ಬಿ, ಕೆಳಗಿದ್ದ ಕರೆಂಟಿನ ವೈರಿನವರೆಗೂ ನೀರು ಹರಿದಿದೆ ಎಂದಾಗ ಹೆದರಿಕೆಯಾಯಿತು. ಗೋಂದಿನ ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಸುಮ್ಮನೆ ತೊಳೆದು ನೋಡುತ್ತೇನೆ ಎಂದು ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ತೊಟ್ಟಿ ಬರಿದು ಮಾಡಿ ಒರೆಸಿದೆ. ಎಲ್ಲರೂ ಊಟಕ್ಕೆ ಕೂತಾಗ ಯಾರಿಗೂ ಕಾಣದಂತೆ ಮೂಲೆಗೆ ಗೋಂದು ಎಳೆದೆ. ಗೋಂದು ಕಂಡರೆ, ಮೊದಲಿನದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರುತ್ತಿತ್ತಲ್ಲ.

ಊಟವಾದ ಮೇಲೆ ಸವಿತ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದು ಬರಿ ತೊಟ್ಟಿಗೆ ದೃಷ್ಟಿ ತೆಗೆದಳು. ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟಿನಲ್ಲಿ ನನ್ನ ಗೋಂದಿನ ಹುಳಿ ವಾಸನೆ ಮುಚ್ಚಿಹೋಯಿತು. ತೊಟ್ಟಿ ಪೂರಾ ಒಣಗಲಿ, ಎರಡು ದಿನ ಬಿಟ್ಟು ನೀರು ತುಂಬಿ ಎಂದು ಹೇಳಿ ಬಂದೆ; ಹಾಗೇ ತುಂಬಿದರು. ಹನಿಯೂ ಸೋರಲಿಲ್ಲ.

ಸವಿತ ಫೋನು ಮಾಡಿದಳು: "ನೋಡುದ್ರಾ ಭಾವ? ದೃಷ್ಟಿ ತಗುದ್ ಮ್ಯಾಕೆ ನಿಂತೋಯ್ತು. ಆ ಸಾಕಮ್ಮುಂದೇ ಕಣ್ಣು ಕಣ್ರೀ!"

ನಾನು ಕದ್ದು ಮಾಡಿದ ರಿಪೇರಿಯೇ ಸಾಕಮ್ಮನ ವಿರುದ್ಧ ಸಾಕ್ಷಿಯಾಯಿತು. ಧಾರಾವಾಹಿಯ ಹೊತ್ತಿಗೆ ಆ ಮನೆಯ ಬಾಗಿಲು ಮುಚ್ಚತೊಡಗಿತು.

ಮುಂದಿನ ಸಲ ಹೋದಾಗ ಸಾಕಮ್ಮ ಜಗಲಿಯಲ್ಲೇ ನನ್ನನ್ನು ತಡೆದಳು. "ಶಿವಣ್ಣ, ನೀನು ಮೀನ್ ಬಲ್ಲೋನು. ನಿಜ ಏಳಪ್ಪ — ನನ್ ಕಣ್ಣಿಂದ್ಲೇ ಆಯ್ತಾ?"

ಇಲ್ಲ ಎಂದರೆ, ಮತ್ಯಾಕೆ ಆಯಿತು ಎಂದು ಕೇಳುತ್ತಿದ್ದಳು. ನಾನು ಹೇಳಿದೆ: "ಇದ್ರೂ ಇರ್ಬೌದು ಬುಡವ್ವ."

ಆಕೆ ನಂಬಿದಳು. ಅದೆಷ್ಟು ನಂಬಿದಳೆಂದರೆ — ಕೇರಿಯಲ್ಲಿ ಹಸು ಕರು ಹಾಕಿದರೆ ನೋಡಲು ಹೋಗುವುದಿಲ್ಲ. ಹೊಸ ಸೀರೆಯುಟ್ಟವರು ಎದುರಾದರೆ ನೆಲ ನೋಡುತ್ತಾಳೆ. ವರ್ಷಗಳಾದವು, ಹಾಗೇ ಇದ್ದಾಳೆ. ಮೊನ್ನೆ ರಮ್ಯಳ ಸೀಮಂತಕ್ಕೆ ಹೋಗಿದ್ದೆವು. ಸಾಕಮ್ಮ ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ರಮ್ಯಳೇ ಕೈತುಂಬ ಹಸಿರು ಬಳೆ ತೊಟ್ಟು ಬಂದು, "ದೊಡ್ಡವ್ವ, ನೋಡಿಲ್ಲಿ" ಎಂದಾಗ, ಸಾಕಮ್ಮ ಸೆರಗನ್ನು ಕಣ್ಣಿನ ಮೇಲೆಳೆದುಕೊಂಡಳು.

"ಬ್ಯಾಡ ಕಣ್ಮಗ, ಒಟ್ಟೇಲಿ ಕೂಸದೆ. ನಾನ್ ನೋಡಕಿಲ್ಲ. ಒಳೀಕ್ ಓಗು."

ರಮ್ಯ ಒಳಗೆ ಹೋದಳು. ನಾನು ಸಾಕಮ್ಮನ ಪಕ್ಕದಲ್ಲಿ ಕೂತೆ. "ಅವ್ವ, ಅವತ್ತು ತೊಟ್ಟಿ ಗೋಂದು ಕಿತ್ತೋನು ನಾನು. ಹೊಟ್ಟೆಕಿಚ್ಚು ನಂದು. ನಿನ್ ಕಣ್ಣಲ್ಲ" ಎಂದೆ.

ಆಕೆಯ ಕೈ ನಿಂತಿತು. ಆಮೇಲೆ, ನೆಲ ನೋಡುತ್ತಲೇ, ನಕ್ಕಳು. "ಒಳ್ಳೇವ್ನು ಕಣಪ್ಪ ನೀನು. ಮುದ್ಕಿ ನೊಂದ್ಕತಾಳೆ ಅಂತ ಕತೆ ಕಟ್ತೀಯ."

ಯಾಕೆ ನಂಬಲಿಲ್ಲ — ತಡವಾಯಿತೆಂದೋ, ವಯಸ್ಸಾಯಿತೆಂದೋ, ದುಃಖವೂ ಅಭ್ಯಾಸವಾಗಿಬಿಟ್ಟಿತೆಂದೋ, ನನ್ನ ಮುಖವೇ ಅಂಥದ್ದೆಂದೋ — ಹುಣಸೂರು ಸೇರುವವರೆಗೂ ಕಾರಣ ಹುಡುಕಿದೆ. ಅವು ಯಾವುವೂ ಅಲ್ಲ. ಬಳಗವೆಲ್ಲ ನಡುಮನೆಯಲ್ಲಿ ಕೂತಿತ್ತು, ಹಿತ್ತಿಲ ಬಾಗಿಲು ತೆರೆದೇ ಇತ್ತು. ನಾನು ಅತ್ತ ಒಮ್ಮೆ ನೋಡಿ, ಅವರಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದ್ದೆ.