ಕುಕ್ಕರ್ ಬಿಟ್ಟು ಹೊರಟ ಸೀತಾಬಾಯಿ

ಆಸ್ಟಿನ್ ಪಕ್ಕದ ರೌಂಡ್ ರಾಕಿನ ಸೀತಾಬಾಯಿ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗಿ ಬಂದಿದ್ದಾರೆ. ಆದರೆ ಅದನ್ನು ನೋಡಿದ್ದು ಬೇರೆಯವರ ಫೋಟೋಗಳಲ್ಲಿ. ಅಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಅವರು ಮೋಟೆಲಿನ ಬಚ್ಚಲುಮನೆಯಲ್ಲಿದ್ದರು. ಹಬೆಗೆ ಬೆಂಕಿಯ ಅಲಾರಂ ಬಡಿದುಕೊಂಡೀತೆಂದು ಬಾಗಿಲು ಹಾಕಿಕೊಂಡು ರೈಸ್ ಕುಕ್ಕರ್ ಕಾಯುತ್ತಿದ್ದರು. ಆಸ್ಟಿನ್, ಡಾಲಸ್, ಹ್ಯೂಸ್ಟನ್ನಿನ ಅವರ ಕನ್ನಡ ಬಳಗ ವರ್ಷಕ್ಕೊಮ್ಮೆ ಪ್ರವಾಸ ಹೊರಡುತ್ತದೆ. ಊರು ಯಾವುದೇ ಇರಲಿ, ಪುಳಿಯೋಗರೆ, ಮೊಸರನ್ನ ಸೀತಾ ಆಂಟಿಯದೇ. ಧಾರವಾಡದ ಹೆಣ್ಣುಮಗಳು, ಉಣ್ಣಿಸುವುದರಲ್ಲಿ ಸುಖ ಕಂಡವರು. ಬಳಗವೂ ಆ ಸುಖವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಟ್ಟಿತ್ತು. ಎಂಥ ಉದಾರಿಗಳು ನೋಡಿ!

ಅರವತ್ತು ತುಂಬಿದ ವರ್ಷ ಅವರಿಗೊಂದು ಹಟ ಹುಟ್ಟಿತು. ಒಂದಾದರೂ ಸೀಮೆಯನ್ನು ಒಲೆಯ ಚಿಂತೆಯಿಲ್ಲದೆ ತನ್ನ ಕಣ್ಣಿನಿಂದಲೇ ನೋಡಬೇಕು. ಹುಡುಕಿ ಹುಡುಕಿ ಬಾಲ್ಕನ್ ದೇಶಗಳ ಪ್ರವಾಸವೊಂದನ್ನು ಆರಿಸಿದರು. ಹನ್ನೆರಡೇ ಜನರ ಗುಂಪು, ಜೊತೆಗೊಬ್ಬ ಗೈಡ್, ಊಟದ ಏರ್ಪಾಟೂ ಪ್ರವಾಸದ ಕಂಪನಿಯದೇ. ಎಲ್ಲಕ್ಕಿಂತ ಹೆಚ್ಚಾಗಿ, ಪುಳಿಯೋಗರೆ ಅಂದರೇನೆಂದು ಆ ಗುಂಪಿನಲ್ಲಿ ಯಾರಿಗೂ ಗೊತ್ತಿರಲಾರದು.

ಮಂಡಿನೋವಿನ ಗಂಡ ವೆಂಕಣ್ಣ ಬರುವಂತಿರಲಿಲ್ಲ. “ನನ್ನ ಊಟದ ಗತಿ ಏನು?” ಎಂದರು.

“ಕುಕ್ಕರ್ ಇಲ್ಲೇ ಬಿಟ್ಟು ಹೊಂಟೀನ್ರಿ. ಗುಂಡಿ ಒತ್ತೋದು ಒಂದೇ ಕೆಲಸ.”

ಸುದ್ದಿ ತಿಳಿದು ಡಾಲಸ್ ಪಕ್ಕದ ಇರ್ವಿಂಗಿನಿಂದ ಬಳಗದ ಕಿರಿಯ ಗೆಳತಿ ನಳಿನಿ ಫೋನ್ ಮಾಡಿದಳು. “ಆಂಟಿ, ನಾವೂ ಬುಕ್ ಮಾಡ್ತೀವಿ! ನೀವಿದ್ರೆ ಊಟದ ಟೆನ್ಷನ್ನೇ ಇರಲ್ಲ.”

ಸೀತಾಬಾಯಿಗೆ ಮತ್ತೆ ಮೋಟೆಲಿನ ಬಚ್ಚಲುಮನೆ ಕಂಡಂತಾಯಿತು. ಪುಣ್ಯಕ್ಕೆ ಕೊನೆಯ ಸೀಟು ಅವರೇ ಹಿಡಿದಿದ್ದರು. “ಅಯ್ಯ, ಸೀಟೇ ಉಳಿದಿಲ್ಲಲ್ಲವಾ,” ಎಂದು ಮರುಗಿ, ಫೋನ್ ಇಟ್ಟೊಡನೆ ಹಿಗ್ಗಿ ಹೀರೇಕಾಯಿಯಾದರು.

ಕ್ರೊವೇಷಿಯಾದ ಕಡಲು, ಮಾಂಟೆನೆಗ್ರೊದ ಬೆಟ್ಟಗಳನ್ನು ಕಣ್ತುಂಬ ನೋಡಿದರು. ಯಾರೋ ಮಾಡಿದ ತಿಂಡಿ, ಯಾರೋ ತೊಳೆಯುವ ತಟ್ಟೆ! ಕೈಚೀಲದಲ್ಲಿ ಶೇಂಗಾ ಚಟ್ನಿಪುಡಿ ಇತ್ತು ನಿಜ, ಆದರೆ ಅದು ಅಡುಗೆಯಲ್ಲ, ಔಷಧ.

ಬೋಸ್ನಿಯಾದ ಒಂದು ಹಳ್ಳಿಯಲ್ಲಿ ಹಾಜ್ರಾ ಎಂಬಾಕೆಯ ಮನೆಯಲ್ಲಿ ರಾತ್ರಿಯೂಟ. ಆಕೆ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಚಟ್ನಿಯಂಥದ್ದನ್ನು ಕುದಿಸುತ್ತಿದ್ದರು. ತವರಿನ ಕೆಂಪು ಖಾರದ ಚಟ್ನಿ ರಂಜಕ ನೆನಪಾಗಿ ಸೀತಾಬಾಯಿಯ ಬಾಯಲ್ಲಿ ನೀರೂರಿತು. “ಯಾರಾದರೂ ಕೈಜೋಡಿಸುತ್ತೀರಾ?” ಎಂದು ಗೈಡ್ ಕೇಳಿದ. ಹುಟ್ಟುಗುಣ ಸುಟ್ಟರೂ ಹೋಗದು; ಅವರ ಬಲಗೈ ತಾನಾಗಿ ಮೇಲೆದ್ದಿತು. ಎಡಗೈಯಿಂದ ಅದನ್ನು ಎಳೆದು ಕೂರಿಸಿ, ಎಲ್ಲರೊಂದಿಗೆ ಹಿತ್ತಲಿಗೆ ನಡೆದರು.

ಕೆಳಗೆ ಹೊಳೆ. ಸೂರ್ಯ ಇಳಿಯುತ್ತಿದ್ದ, ನೀರೆಲ್ಲ ತಾಮ್ರದ ಬಣ್ಣವಾಗಿತ್ತು. ಸೀತಾಬಾಯಿಗೆ ಸಂತೋಷ ತಡೆಯಲಾಗಲಿಲ್ಲ. ಯಾರಿಗಾದರೂ ಹೇಳಬೇಕೆಂದು ಹಿಂದೆ ತಿರುಗಿದರೆ, ಅಡುಗೆಮನೆಯ ಕಿಟಕಿಯಲ್ಲಿ ಒಲೆಗೆ ಬಾಗಿದ ಹಾಜ್ರಾ ಅವರ ಬೆನ್ನು ಕಂಡಿತು. ಆ ಬೆನ್ನು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸರಸರ ಒಳಗೆ ಹೋದರು. ಸಹಾಯಕ್ಕೆ ಬಂದರೆಂದುಕೊಂಡು ಹಾಜ್ರಾ ಸೌಟು ನೀಡಿದರು. ಸೀತಾಬಾಯಿ ಅದನ್ನು ಪಕ್ಕಕ್ಕಿಟ್ಟು, ಒಲೆ ಆರಿಸಿ, ಆಕೆಯ ಕೈ ಹಿಡಿದರು. “ಬಾರವ್ವಾ ತಂಗಿ, ಹೊಳಿ ನೋಡೋಣ.”

ಹಾಜ್ರಾ ಪಾತ್ರೆ ತೋರಿಸಿ ತಮ್ಮ ಭಾಷೆಯಲ್ಲಿ ಬಡಬಡಿಸಿದರು. ಆ ಮಾತು ಅರ್ಥವಾಗಲು ಭಾಷೆ ಬರಬೇಕೇ? “ಆರಿದ್ರ ಆರ್ಲಿ ಬಿಡು. ಉಣ್ಣೋರು ಎಲ್ಲೂ ಓಡಿ ಹೋಗಂಗಿಲ್ಲ!”

ಎಳೆದುಕೊಂಡೇ ಬಂದರು. ಹಾಜ್ರಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊಳೆಯತ್ತ ನೋಡಿದರು. ಆಮೇಲೆ ನಕ್ಕು, ಏನೋ ಹೇಳಿ, ಸೀತಾಬಾಯಿಯ ಭುಜಕ್ಕೆ ತಲೆಯಾನಿಸಿದರು.

ಗೈಡ್ ಅರ್ಥ ಹೇಳಿದ: “ಮನೆಗೆ ಅತಿಥಿಗಳು ಬಂದ ದಿನ ನಾನು ಈ ಹೊಳೆ ನೋಡಿದ್ದು ಇದೇ ಮೊದಲು ಅಂತಾರೆ.”

ಊಟ ತಡವಾಯಿತು. ಹಸಿವಿನಿಂದ ಯಾರೂ ಸಾಯಲಿಲ್ಲ.

ಚಳಿಗಾಲಕ್ಕೆ ಬಳಗ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿತು. “ಆಂಟಿ, ಕುಕ್ಕರ್ ತರ್ತೀರಲ್ವಾ?” ನಳಿನಿಯ ಫೋನು.

“ತರ್ತೀನವಾ. ಸೂರ್ಯ ಹುಟ್ಟೋದು ಎಲ್ಲಾರೂ ಕೂಡಿ ನೋಡೋಣು. ಆಮ್ಯಾಲೆ ಗುಂಡಿ ನೀ ಒತ್ತು.”

ಸೋಫಾದಿಂದ ವೆಂಕಣ್ಣ ಕೂಗಿದರು: “ನೀರು ಎಷ್ಟು ಹಾಕಬೇಕು, ನಾ ಹೇಳಿಕೊಡ್ತೀನಿ ಅನ್ನು!”