ಹೇಲಾಲಾಳ ಹೆಸರು ಹೊಡೆದುಹಾಕಿದ ಉನೈಸಿ

ಬೆಳಗಿನ ಐದೂವರೆ. ದ್ವೀಪದೇಶದ ರಾಜಧಾನಿ ಸುವಾದಲ್ಲಿ ಮಳೆ ಈಗಷ್ಟೇ ಬಿಡುವು ಕೊಟ್ಟಿದೆ. ವಿಶ್ವವಿದ್ಯಾಲಯದ ಕೆಳಗಿನ ಮೈದಾನದಲ್ಲಿ ಉನೈಸಿ ತೋರಾ ಬರಿಗಾಲಲ್ಲಿ ನಿಂತು ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತಾರೆ. ನೀರು ಜಿನುಗುವುದಿಲ್ಲ. "ಆಡಬಹುದು, ಒಂಬತ್ತರ ಪಂದ್ಯ ಇಲ್ಲೇ" ಎನ್ನುತ್ತ ಸುಣ್ಣದ ಗಾಡಿ ತಳ್ಳಿಕೊಂಡು ಗೆರೆ ಎಳೆಯಲು ಹೊರಡುತ್ತಾರೆ.

ಐವತ್ತಮೂರರ ಉನೈಸಿ ಇಲ್ಲಿನ ಕ್ರೀಡಾ ಸಂಯೋಜಕಿ. ಹದಿನೆಂಟು ತಂಡ, ಎರಡೇ ಮೈದಾನ, ವರ್ಷಕ್ಕೆ ನೂರಾಹತ್ತು ಪಂದ್ಯ. ಯಾರು ಎಲ್ಲಿ ಆಡಬೇಕು, ತೀರ್ಪುಗಾರ ಯಾರು, ಮುರಿದ ಗೋಲುಕಂಬವನ್ನು ಯಾರಿಂದ ಬೆಸೆಯಿಸಬೇಕು, ಎಲ್ಲವೂ ಇವರ ತಲೆಯ ಮೇಲೆ. ಕಪ್ ಎತ್ತಿ ಹಿಡಿದ ಫೋಟೊಗಳಲ್ಲಿ ಮಾತ್ರ ಇವರಿಲ್ಲ.

ಹುಟ್ಟೂರು ಓವಲಾವು ದ್ವೀಪ. ಹತ್ತೊಂಬತ್ತಕ್ಕೇ ನೆಟ್‌ಬಾಲ್‌ನಲ್ಲಿ ಹೆಸರು ಮಾಡಿದ್ದರು. ಒಮ್ಮೆ ಮಂಡಿ ಊದಿದ್ದರೂ ಕೋಚ್ "ಇದೊಂದು ಆಡಿಬಿಡು" ಎಂದರು. ಆಡಿದರು, ಗೆದ್ದರು. ಆ ಮಂಡಿಯನ್ನು ಮತ್ತೆ ಪೂರ್ತಿ ಮಡಚಲಾಗಲಿಲ್ಲ. ಬಳಿಕ ಇಲ್ಲಿ ಜೆರ್ಸಿ ಒಗೆಯುವ ಕೆಲಸಕ್ಕೆ ಸೇರಿ, ಇಪ್ಪತ್ತೆರಡು ವರ್ಷಗಳಲ್ಲಿ ಈ ಕುರ್ಚಿಗೆ ಬಂದಿದ್ದಾರೆ.

ಕಳೆದ ಆಗಸ್ಟ್‌ನ ಮಹಿಳಾ ರಗ್ಬಿ ಫೈನಲ್ ಇವರನ್ನು ಕಟಕಟೆಯಲ್ಲಿ ನಿಲ್ಲಿಸಿತು. ಟಾಂಗಾದಿಂದ ಓದಲು ಬಂದ ಹೇಲಾಲಾ, ವಿಶ್ವವಿದ್ಯಾಲಯ ತಂಡದ ಅತಿ ವೇಗದ ಓಟಗಾರ್ತಿ. ಹಿಂದಿನ ದಿನದ ಸೆಮಿಫೈನಲ್‌ನಲ್ಲಿ ಅವಳ ತಲೆಗೆ ಏಟು ಬಿದ್ದಿತ್ತು. ಉನೈಸಿ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ರಗ್ಬಿ ಕೋಚ್ ಇಸಿಮೆಲಿ ಕೆಂಡವಾದ.

"ಏನಕ್ಕಾ, ಒಂದು ತಲೆನೋವಿಗೆ ಫೈನಲ್ ಬಿಡೋಕಾಗುತ್ತಾ? ಅವಳು ನಗ್ತಾ ನಿಂತಿದ್ದಾಳೆ ನೋಡಿ!"

"ನಗ್ತಿದ್ದಾಳೆ. ನಿನ್ನೆ ಯಾರ ವಿರುದ್ಧ ಆಡಿದ್ರಿ ಅಂತ ಕೇಳು, ಗೊತ್ತಿಲ್ಲ ಅವಳಿಗೆ."

"ಸೋತ್ರೆ ಹೊಣೆ ಯಾರು?"

"ನಾನೇ. ಬೇಕಾದ್ರೆ ಮೈಕಲ್ಲಿ ಕೂಗಿ ಹೇಳು."

ಎರಡು ಅಂಕದಿಂದ ಸೋತರು. ಕ್ಯಾಂಟೀನಿನಲ್ಲಿ ಹುಡುಗಿಯರು ಉನೈಸಿಯನ್ನು ಕಂಡು ಮುಖ ತಿರುಗಿಸಿದರು. ಮೂರನೇ ದಿನ ಹೇಲಾಲಾ ತರಗತಿಯಲ್ಲೇ ವಾಂತಿ ಮಾಡಿಕೊಂಡು ಕುಸಿದಳು. ತಲೆಯೊಳಗೆ ರಕ್ತ ಜಿನುಗಿತ್ತು. ಇನ್ನೊಂದು ಏಟು ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯ ವೈದ್ಯರು. ಈಗ ಅವಳು ಚೇತರಿಸಿಕೊಂಡಿದ್ದಾಳೆ. ರಗ್ಬಿ ಬಿಟ್ಟು ಓಟದ ತಂಡ ಸೇರಿದ್ದಾಳೆ.

"ಇಸಿಮೆಲಿ ಕ್ಷಮೆ ಕೇಳ್ಲಿಲ್ಲ. ಕೋಳಿ ಪಲ್ಯ ಸುತ್ತಿದ ರೊಟ್ಟಿ ತಂದು ಮೇಜಿನ ಮೇಲಿಟ್ಟು, ತಿನ್ನಿ ಅಕ್ಕಾ ಅಂದ. ತಿಂದೆ, ಮುಗೀತು" ಎಂದು ಉನೈಸಿ ನಗುತ್ತಾರೆ. ಈಗ ಪೆಟ್ಟಾದವರನ್ನು ಅವನೇ ಇವರ ಬಳಿ ಕರೆತರುತ್ತಾನೆ.

ಪದಕದ ಆಟಗಳಷ್ಟೇ ಇವರ ಲೋಕವಲ್ಲ. ಬುಧವಾರ ಸಂಜೆ ಹಾಸ್ಟೆಲಿನ ಅಡುಗೆಯವರು, ಕಸ ಗುಡಿಸುವವರು ತೆರೆದ ಅಂಗಳದಲ್ಲಿ ನೆಟ್‌ಬಾಲ್ ಆಡುತ್ತಾರೆ. "ಚೆಂಡು ಹಿಡಿಯೇ, ಅದೇನು ಬಿಸಿ ಪಾತ್ರೆನಾ!" ಎಂದು ಒಬ್ಬಳು ಕೂಗಿದರೆ ಅಂಗಳವೆಲ್ಲ ನಗು. ನಡುವೆ ಮಳೆ ಬಂದರೆ ಆಟ ನಿಂತೇಹೋಗುತ್ತದೆ.

ಏನು ಬೇಕೆಂದು ಕೇಳಿದರೆ ಉನೈಸಿ ಆ ಅಂಗಳದತ್ತ ಕೈ ತೋರಿಸುತ್ತಾರೆ.

"ಇದಕ್ಕೊಂದು ಸೂರು ಬೇಕು. ಇವರಿಗೆ ಸಿಗೋದೇ ವಾರಕ್ಕೊಂದು ಗಂಟೆ. ಅದನ್ನೂ ಮಳೆಗೆ ಬಿಟ್ಕೊಡೋಕೆ ನಾನು ತಯಾರಿಲ್ಲ."